ಹೌದ್ರಿ ಅಂದ್ರ ಒಪ್ಪಿಗಿ ಅಲ್ಲ

ನಮ್ಮ ಪಕ್ಷದ ಹೆಸರು ನಾ ಹೇಳಂಗಿಲ್ಲ. ಹೇಳಿದ್ರೂ ನಿಮಗ ಗುರ್ತು ಹತ್ತಂಗಿಲ್ಲ. ಹೆಸರಿನ ಮುಂದ ‘ರಾಷ್ಟ್ರೀಯ’ ಅಂತ ಒಂದು ಶಬ್ದ ಇತ್ತು, ಅದಕ್ಕ ಅಧಿವೇಶನಾನೂ ರಾಷ್ಟ್ರೀಯ ಆಯ್ತು. ರಾಷ್ಟ್ರ ಅಂದ್ರ ಎಷ್ಟಪಾ ಅಂದ್ರ ಬೀದರ, ಭಾಲ್ಕಿ, ಔರಾದ, ಆ ಕಡಿ ಉದಗೀರ, ಈ ಕಡಿ ಜಹೀರಾಬಾದ, ಮತ್ತ ಉತ್ತರದಿಂದ ರೈಲು ಹತ್ತಿ ಬಂದ ನಾಕಾರು ಮಂದಿ. ಮೂರು ರಾಜ್ಯದವರಿಗೂ ನಡುವ ಬೀಳ್ತದ ಅಂತ ಬೀದರ ಊರು ಆರಿಸೀವಿ ಅಂದ್ರು. ಖರೇ ಕಾರಣ ಏನಂದ್ರ ಅವಾಗ ಮದುವಿ ಸೀಜನ್ ಇರಲಿಲ್ಲ, ಊರ ಹೊರಗಿನ ಒಂದು ಫಂಕ್ಷನ್ ಹಾಲ್ ಖಾಲಿ ಬಿದ್ದಿತ್ತು.

ಲೋಕಸಭಾ ಚುನಾವಣಿಗಿ ಪಕ್ಷದಿಂದ ಯಾರ್ಯಾರು ನಿಂದ್ರಬೇಕು ಅನ್ನೋದು ಆ ಅಧಿವೇಶನದಾಗ ತೀರ್ಮಾನ ಆಗೋದಿತ್ತು. ನಾ ಭಾಲ್ಕಿಯಿಂದ ಪ್ರತಿನಿಧಿ ಆಗಿ ಹೋಗಿದ್ದೆ. ಪಕ್ಷದ ಮ್ಯಾಲಿನ ಪ್ರೀತಿಗಿ ಹೋದೆ ಅಂತ ಯಾರೂ ತಿಳಕೋಬ್ಯಾಡ್ರಿ. ನಾ ಒಂದು ಖಾಸಗಿ ಸಾಲಿಯಾಗ ಹಿಂದಿ ಕಲಸಾಕಿ, ನನಗ್ಯಾಕ ಬೇಕಾಗಿತ್ತು ರಾಜಕಾರಣ? ನಮ್ಮ ಅಕ್ಕನ ಪರವಾಗಿ ಒಂದು ಕೈ ಜಾಸ್ತಿ ಏಳ್ಲಿ ಅಂತ ಹೋದೆ, ಅಷ್ಟೇ.

ಅಕ್ಕ ಅಂದ್ರ ನಮ್ಮ ದೊಡ್ಡವ್ವನ ಮಗಳು. ಔರಾದ ತಾಲೂಕಿನ ಎಕಂಬಾದಾಗ ಅಂಗನವಾಡಿ ಟೀಚರ್ ಆಗಿದ್ಲು. ಗಂಡ ಅನ್ನಿಸಿಕೊಂಡಾಂವ ಎಂದೋ ಉದಗೀರದಾಗ ಬ್ಯಾರೆ ಸಂಸಾರ ಹೂಡಿಕೊಂಡು ಕುಂತಾನ, ಆ ಸುದ್ದಿ ಇಲ್ಲಿ ಬ್ಯಾಡ. ಅಕ್ಕ ಒಬ್ಬಾಕಿನೇ ಮಗಳನ್ನ ಓದಿಸಿ, ಮದುವಿ ಮಾಡಿ ಕಳಸಿದ್ಲು. ಊರಾಗ ಯಾರ ಮನಿಯಾಗ ಬಾಣಂತನ ನಡದದ, ಯಾರ ಕೂಸು ತೂಕ ಕಮ್ಮಿ ಅದ, ಯಾವ ಮುದುಕಿಗಿ ಪಿಂಚಣಿ ನಿಂತದ ಎಲ್ಲಾ ಆಕಿಗೇ ಮೊದಲು ಗೊತ್ತಾಗ್ತಿತ್ತು. ನಮ್ಮ ಪಕ್ಷ ಆ ಊರಿಗಿ ಬಂದಿದ್ದೇ ಆಕಿ ಸೆರಗು ಹಿಡಕೊಂಡು. ಝಂಡಾ ಕಟ್ಟೋಕಿ ಆಕಿ, ಸಭಾಕ್ಕ ಹೆಣ್ಣಮಕ್ಕಳನ್ನ ಕರಕೊಂಡು ಬರಾಕಿ ಆಕಿ, ಸಭಾ ಮುಗದ ಮ್ಯಾಲ ಜಮಖಾನಿ ಝಾಡಿಸಿ ಮಡಚಿ ಇಡಾಕಿನೂ ಆಕಿನೇ.

ಆಕಿಗಿ ಒಂದು ಆಸಿ ಇತ್ತು. ಒಂದು ಸಲ, ಒಂದೇ ಸಲ, ಮತದಾನದ ಮಷೀನಿನ ಮ್ಯಾಲ ತನ್ನ ಹೆಸರು ಬರಬೇಕು.

“ಗೆಲ್ಲಂಗಿಲ್ಲ ಅಂತ ನನಗೂ ಗೊತ್ತದ ತಂಗಿ” ಅಂತಿದ್ಲು. “ನಾ ಏನ್ ಹುಚ್ಚಿ ಅಲ್ಲ. ಖರೇ, ಚುನಾವಣಿಗಿ ನಿಂತ್ರ ನನ್ನ ಮಾತು ಕೇಳಾಕ ಮಂದಿ ಕುಂದ್ರತಾರಲ್ಲ. ಆ ಬಸ್ಸಿನ ಮಾತು ಒಂದು ಹೇಳ್ತೇನಿ.”

ಬಸ್ಸಿನ ಮಾತಂದ್ರ ಸಂಜಿ ಮುಂದ ಔರಾದಿಂದ ಊರಿಗಿ ಬರಾಕ ಒಂದು ಬಸ್ಸು ಬೇಕು ಅನ್ನೋದು. ರೈಲಂತೂ ಆ ತಾಲೂಕಿನ ಮುಖಾನೇ ಕಂಡಿಲ್ಲ. ಕಾಲೇಜು ಬಿಟ್ಟ ಮ್ಯಾಲ ಹುಡುಗ್ಯಾರು ಟಂಟಂ ಗಾಡಿಯಾಗ ಜೋತು ಬಿದ್ದು ಬರಬೇಕು, ಕತ್ತಲಾದ್ರ ಅದೂ ಇಲ್ಲ. ಅವ್ವ ಅಪ್ಪ ಎಷ್ಟು ದಿನ ತಡಕೋತಾರ? ಒಬ್ಬೊಬ್ಬಾಕಿನೇ ಕಾಲೇಜು ಬಿಡಿಸಿದ್ರು. ಅಕ್ಕ ತಾ ಹಾಲಿನ ಪುಡಿ ಕಲಸಿ ಕುಡಿಸಿ ಬೆಳಸಿದ ಹುಡುಗ್ಯಾರು ಅವು. ಮನಿಯಾಗ ಕುಂತಿದ್ದು ನೋಡಿ ಆಕಿಗಿ ಹೊಟ್ಟ್ಯಾಗ ಉರಿ ಬೀಳ್ತಿತ್ತು.

ಈಗ ನಮ್ಮ ಕಡಿಯ ಒಂದು ರೂಢಿ ಹೇಳಬೇಕು, ಇಲ್ಲಂದ್ರ ಮುಂದಿನದ್ದು ನಿಮಗ ತಿಳಿಯಂಗಿಲ್ಲ.

ನಮ್ಮಲ್ಲಿ ದೊಡ್ಡವರು ಮಾತಾಡ್ಲತ್ತಿದ್ರ ಸುಮ್ಮ ಕುಂತು ಕೇಳಾಕ ಬರಂಗಿಲ್ಲ. ಅವರು ಒಂದು ಮಾತು ಮುಗಿಸಿದ್ರ ನಾವು ‘ಹೌದ್ರಿ’ ಅನ್ನಬೇಕು. ಇನ್ನೊಂದು ಮುಗಿಸಿದ್ರ ಇನ್ನೊಂದು ‘ಹೌದ್ರಿ’. ಅನ್ನಲಿಲ್ಲಂದ್ರ “ಯಾಕ, ಕಿವಿಯಾಗ ಹತ್ತಿ ಇಟ್ಟುಕೊಂಡಿಯೇನು?” ಅಂತ ಬೈತಾರ. ಅವರ ಮಾತು ಖರೇನೋ ಸುಳ್ಳೋ, ನಮಗ ಬೇಕೋ ಬ್ಯಾಡೋ, ಅದಕ್ಕೂ ಈ ಹೌದ್ರಿಗೂ ಸಂಬಂಧ ಇಲ್ಲ. ‘ನಾ ಇಲ್ಲೇ ಇದ್ದೀನಿ, ಕೇಳ್ಲತ್ತೀನಿ, ನೀವು ಹೇಳ್ರಿ’ ಅಂತ ಅದರ ಅರ್ಥ. ಮೈಸೂರು ಕಡಿಯಿಂದ ಬಂದ ಒಬ್ಬ ಮಾಸ್ತರು ನಮ್ಮ ಸಾಲಿಯಾಗ ಮೊದಲು ಭಾಳ ತಕ್ಲೀಫ್ ಪಟ್ರು. ಫೀ ತುಂಬಬೇಕು ಅಂದಾಗ ಎಲ್ಲಾ ಅವ್ವ ಅಪ್ಪಂದಿರು ‘ಹೌದ್ರಿ ಹೌದ್ರಿ’ ಅಂದು ಹೋದ್ರು, ಯಾರೂ ತುಂಬಲಿಲ್ಲ. ಮಾಸ್ತರು ನನ್ನ ಹತ್ರ ಬಂದು “ಎಲ್ಲರೂ ಒಪ್ಪಿಕೊಂಡಿದ್ದರಲ್ಲ ಮೇಡಂ” ಅಂದ್ರು. ನನಗ ನಗು ತಡಿಯಾಕ ಆಗಲಿಲ್ಲ.

ಅಕ್ಕನ ಬಾಯಾಗಂತೂ ಹೌದ್ರಿ ಉಸಿರಾಡಿದಂಗ ಬರ್ತಿತ್ತು. ಫೋನಿನಾಗ ಮ್ಯಾಲಿನ ಮೇಡಂ ಏನು ಹೇಳಿದ್ರೂ ಹೌದ್ರಿ. ಫೋನ್ ಇಟ್ಟ ಮ್ಯಾಲ ತನಗ ಸರಿ ಕಂಡಂಗ ಮಾಡಾಕಿ. ನಾ ಕಾಡಸ್ತಿದ್ದೆ: “ಅಕ್ಕ, ಯಾರರ ಬಾವಿಗಿ ಬೀಳಂದ್ರೂ ನೀ ಹೌದ್ರಿ ಅಂತೀ ನೋಡು.”

“ಅಂತೇನಿ. ಬೀಳಂಗಿಲ್ಲ” ಅಂತಿದ್ಲು. “ಹೌದ್ರಿ ಅಂದ್ರ ಒಪ್ಪಿಗಿ ಅಲ್ಲ ಹುಚ್ಚಿ, ಮರ್ಯಾದಿ.”

ಅಧಿವೇಶನಕ್ಕಿಂತ ಮೊದಲು ನಮ್ಮ ಜಿಲ್ಲಾಧ್ಯಕ್ಷರು ಆಕಿ ಮನಿಗಿ ಬಂದಿದ್ರು. ಅವರು ನಮ್ಮ ಭಾಲ್ಕಿಯವರೇ. ಎಲ್ಲರೂ ಅವರಿಗಿ ಅಣ್ಣೋರು ಅಂತೀವಿ. ಬಿಳಿ ಜುಬ್ಬಾ, ಹಣಿತುಂಬ ವಿಭೂತಿ, ಕಂಡಕಂಡವರಿಗೆಲ್ಲ ‘ಶರಣ್ರಿ’. ಜ್ವಾಳದ ರೊಟ್ಟಿ, ಪುಂಡಿಪಲ್ಯ ಹೊಟ್ಟಿತುಂಬ ಉಂಡು ಅಕ್ಕಗ ಹೇಳಿದ್ರು: “ಅಕ್ಕ, ಈ ಸಲ ಟಿಕೆಟ್ ನಿಂದೇ. ಖರೇ ನೌಕರ್‍ಯಾಗ ಇದ್ದುಕೊಂಡು ನಿಂದ್ರಾಕ ಬರಂಗಿಲ್ಲ. ಮೊದಲು ರಾಜೀನಾಮಿ ಕೊಟ್ಟು ಬಿಡು. ಕಾಗದ ಎಲ್ಲಾ ಸಾಫ್ ಇರಬೇಕು.”

ನಾ ಫೋನಿನಾಗ ಒದರಿದೆ. “ಟಿಕೆಟ್ ಕೈಗಿ ಬಂದ ಮ್ಯಾಲ ಕೊಡು ಅಕ್ಕ. ಏನ್ ಅವಸರ ಅದ?” ಆಕಿ ನಕ್ಕಳು. “ಅಣ್ಣೋರು ಅಂತಾ ಮನುಷ್ಯರಲ್ಲ ಬಿಡು. ನನ್ನ ಕೈಯಾಗಿನ ರೊಟ್ಟಿ ಉಂಡಾರ.” ಮರುದಿನಾನೇ ಔರಾದಿಗಿ ಹೋಗಿ ರಾಜೀನಾಮಿ ಬರದು ಕೊಟ್ಟು ಬಂದಳು. ಹೊಟ್ಟಿ ಹೊರೀತಿದ್ದ ಒಂದೇ ಕೆಲಸ ಅದು. ಹೊಲ ಇಲ್ಲ, ಗಂಡ ಇಲ್ಲ. ಟಿಕೆಟ್ ಸಿಗಲಿಲ್ಲಂದ್ರ ಅಕ್ಕನ ಕೈಯಾಗ ಏನೂ ಉಳಿಯಂಗಿರಲಿಲ್ಲ, ಅದು ನನಗ ಗೊತ್ತಿತ್ತು, ಆಕಿಗೂ ಗೊತ್ತಿತ್ತು.

ಆಮ್ಯಾಲ ಭಾಷಣದ ತಾಲೀಮು ಸುರುವಾಯ್ತು. ಭಾಲ್ಕಿಗಿ ನಮ್ಮ ಮನಿಗಿ ಬಂದು ಕನ್ನಡಿ ಮುಂದ ನಿಂತಳು. ನಾ ಪಲಂಗದ ಮ್ಯಾಲ ಕುಂತು ಕೇಳಿದೆ.

“ನಮ್ಮ ಊರಿಗಿ ಬಸ್ಸು ಬೇಕ್ರಿ. ಹುಡುಗ್ಯಾರು ಕಾಲೇಜು ಬಿಟ್ಟಾರ್ರಿ. ನೀವೆಲ್ಲಾ ಕೈ ಜೋಡಿಸಬೇಕ್ರಿ.”

“ಅಕ್ಕ, ಹೆಜ್ಜಿಹೆಜ್ಜಿಗಿ ರೀ ಹಚ್ಚಬ್ಯಾಡ. ನೀ ಉಮೇದ್ವಾರ ಇದ್ದೀ. ಜರಾ ಗಟ್ಟಿ ಮಾತಾಡು. ಬಸ್ಸು ಬೇಕು!”

“ಬಸ್ಸು ಬೇಕು.” ಆಕಿ ತನ್ನ ದನಿ ಕೇಳಿ ತಾನೇ ಬೆಚ್ಚಿದ್ಲು. “ಛೀ, ಯಾರಿಗೋ ಬೈದಂಗ ಆಗ್ತದ ತಂಗಿ. ಒಂದು ರೀ ಇರ್ಲಿ.”

ಇಬ್ಬರೂ ಬಿದ್ದು ಬಿದ್ದು ನಕ್ಕೀವಿ. ಕಡೀಕ ಒಂದೇ ಒಂದು ಸಾಲಿನಾಗ ರೀ ತಗಿಯಾಕ ಒಪ್ಪಿಕೊಂಡ್ಲು, ಬಸ್ಸಿನ ಸಾಲಿನಾಗ.

ಅಧಿವೇಶನದ ದಿನ ನಾ ಭಾಲ್ಕಿಯಿಂದ, ಆಕಿ ಔರಾದಿಂದ ಬಂದು ಬೀದರ ಬಸ್ ಸ್ಟ್ಯಾಂಡಿನಾಗ ಕೂಡಿದೆವು. ಆಕಿ ಮುಂಜಾನಿ ಲಿಂಗಪೂಜಿ ಮಾಡಿಕೊಂಡು, ಏನೂ ತಿನ್ನದ ಬಂದಿದ್ಲು. ಹಸರು ಇಳಕಲ್ ಸೀರಿ, ಮಗಳ ಮದುವ್ಯಾಗ ಉಟ್ಟಿದ್ದು. ಆಟೋದಾಗ ನನ್ನ ಕೈ ಹಿಡಕೊಂಡು ಕುಂತಿದ್ಲು.

ಫಂಕ್ಷನ್ ಹಾಲಿನ ಬಾಗಿಲದಾಗ ಕೊರಳಿಗಿ ಬ್ಯಾಡ್ಜ್ ಹಾಕಿದ್ರು. ‘ಪ್ರತಿನಿದಿ’ ಅಂತ ಅಚ್ಚಾಗಿತ್ತು. ನಾ ಟೀಚರ್ ಅಲ್ಲೇನು, ತಡೀಲಿಲ್ಲ: “ಮಹಾಪ್ರಾಣ ಎಲ್ಲಿ ಹೋಯ್ತ್ರಿ?” ಬ್ಯಾಡ್ಜ್ ಹಂಚಾಂವ ಪಿಳಿಪಿಳಿ ನೋಡಿದ. ಒಳಗ ವೇದಿಕಿ ಮ್ಯಾಲ ಮದುವಿದೇ ಅಲಂಕಾರ ಇತ್ತು, ಹೋದ ಸೀಜನಿನ ಪ್ಲಾಸ್ಟಿಕ್ ಹೂವು, ಗಂಡು-ಹೆಣ್ಣು ಕುಂದ್ರೋ ಕೆಂಪು ಸೋಫಾ. ಆ ಸೋಫಾದ ಮ್ಯಾಲ ನಮ್ಮ ರಾಷ್ಟ್ರೀಯ ಅಧ್ಯಕ್ಷರು ಕುಂತಿದ್ರು. ಅವರ ಬಗಲಾಗ ಒಬ್ಬ ಮನುಷ್ಯ ಕುಂತಿದ್ದ. ಅಂವನ್ನ ನೋಡಿದ ಕೂಡಲೇ ನನಗ ಗುರ್ತು ಹತ್ತಿತು.

ಅಂವ ನಮ್ಮ ಭಾಲ್ಕಿಯವನೇ. ಹೊಲ ತಗೊಂಡು, ಲೇಔಟ್ ಮಾಡಿ, ಪ್ಲಾಟ್ ಮಾರಾಂವ. ನಮ್ಮ ಪಕ್ಷದ ಒಂದು ಸಭಾಕ್ಕೂ ಬಂದಾಂವ ಅಲ್ಲ. ನಾ ಸೀದಾ ಅಣ್ಣೋರ ಹತ್ರ ಹೋದೆ.

“ಅಣ್ಣೋರೇ, ಇಂವ ಯಾಕ ಸೋಫಾದ ಮ್ಯಾಲ ಕುಂತಾನ?”

“ಹೊಸದಾಗಿ ಪಕ್ಷ ಸೇರ್‍ಯಾರ ತಾಯಿ. ಊಟದ ಖರ್ಚು ಅವರದೇ. ಸೋಫಾ ಮ್ಯಾಲ ಕುಂದ್ರಸಲಿಲ್ಲಂದ್ರ ಹ್ಯಾಂಗ?”

“ಅಕ್ಕನ ಟಿಕೆಟ್?”

“ಅಕ್ಕಂದು ಅಕ್ಕಗೇ. ನೀ ಸುಮ್ಮ ಹೋಗಿ ಕುಂದ್ರು” ಅಂತ ನನ್ನ ತಲಿ ಮ್ಯಾಲ ಕೈ ಇಟ್ರು. ಆ ಕೈ ಝಾಡಿಸಬೇಕು ಅನ್ನಿಸ್ತು. ಹಿರ್‍ಯಾರ ಕೈ ಹ್ಯಾಂಗ ಝಾಡಿಸ್ತೀರಿ?

ಅಕ್ಕನ್ನ ಮುಂದಿನ ಸಾಲಿನಾಗ ನಡುವ ಕುಂದ್ರಸಿದ್ರು. ನಾ ಆಕಿ ಹಿಂದ ಕುಂತೆ. ನನ್ನ ಬಗಲಾಗ ಬಗದಲ್ ಊರಿನ ಒಬ್ಬ ಮುದುಕ, ಎಲ್ಲರೂ ಕಾಕಾ ಅಂತಿದ್ರು. ಅಕ್ಕ ಸೆರಗಿನಾಗಿಂದ ಭಾಷಣದ ಚೀಟಿ ತಗದು ತುಟಿ ಅಲುಗಾಡಿಸ್ಲತ್ತಿದ್ಲು.

ಅಧ್ಯಕ್ಷರು ಹಿಂದಿಯಾಗ ಮಾತು ಸುರು ಮಾಡಿದ್ರು. ಅವರ ಬಾಜೂಕ ಅಣ್ಣೋರು ಇನ್ನೊಂದು ಮೈಕ್ ಹಿಡಕೊಂಡು ನಿಂತ್ರು. ಅಧ್ಯಕ್ಷರು ಒಂದು ಮಾತು ಹೇಳೋದು, ಅಣ್ಣೋರು ಅದನ್ನ ಕನ್ನಡದಾಗ ಹೇಳೋದು. ನನಗ ಕಿರಿಕಿರಿ ಆಯ್ತು. ಬೀದರದಾಗ ಹಿಂದಿ ತಿಳೀಲಾರದವರು ಯಾರದಾರ? ಕಾಯಿಪಲ್ಯ ಮಾರಾಕಿಯಿಂದ ಹಿಡಿದು ಎಲ್ಲರೂ ಉರ್ದೂ ಮಾತಾಡೋ ಊರಿದು. ‘ಈ ಕನ್ನಡ ಯಾರಿಗಿ ಬೇಕಾಗೇದಪಾ, ಟೈಮ್ ಖರಾಬ್’ ಅಂತ ಮನಸಿನಾಗೇ ಬೈಕೊಂಡೆ. ಅದು ಯಾರಿಗಿ ಬೇಕಾಗಿತ್ತು ಅಂತ ಆಮ್ಯಾಲ ತಿಳೀತು.

ಹಿಂದಿ ಭಾಷಣ ನಾವು ಬಾಯಿ ಮುಚ್ಚಿ ಕೇಳ್ತೀವಿ. ಕನ್ನಡದಾಗ ನಮ್ಮವರು ನಮ್ಮ ಮಾತು ಆಡಿದ್ರ ನಮ್ಮ ಬಾಯಿ ತಾನೇ ತೆರೀತದ. ಅಣ್ಣೋರಿಗಿ ಅದು ಗೊತ್ತಿತ್ತು. ಉತ್ತರದಿಂದ ಬಂದವರಿಗಿ ಹ್ಯಾಂಗ ಗೊತ್ತಿರ್ತದ? ಅಣ್ಣೋರು ನಮ್ಮ ನಡುವ ಹುಟ್ಟಿ ಬೆಳದವರು.

“ರೈತರ ಗೋಳು ಕೇಳವರು ಯಾರೂ ಇಲ್ಲ, ಹೌದಿಲ್ರಿ?” ಅಂದ್ರು ಅಣ್ಣೋರು.

“ಹೌದ್ರಿ” ಅಂತು ಇಡೀ ಸಭಾ.

“ದೊಡ್ಡ ಪಕ್ಷದವರು ನಮ್ಮನ್ನ ಮರತಾರ, ಹೌದಿಲ್ರಿ?”

“ಹೌದ್ರಿ.”

ಬಗದಲ್ ಕಾಕಾ ಕಣ್ಣು ಮುಚ್ಚಿಕೊಂಡು, ಪ್ರವಚನ ಕೇಳಿದಂಗ ತಲಿ ತೂಗಿ ತೂಗಿ ಹೌದ್ರಿ ಅನ್ಲತ್ತಿದ್ರು. ಅಕ್ಕನ ದನಿ ಎಲ್ಲರಕಿಂತ ಮೊದಲು ಬರ್ತಿತ್ತು. ಭಾಷಣ ಭಾಳ ಹೊತ್ತು ನಡೀತು. ಫ್ಯಾನಿನ ಗಾಳಿ ಬಿಸಿ ಇತ್ತು, ಹಿಂದಿನಿಂದ ಬಗಾರಾ ಅನ್ನದ ಘಮ ಬರ್ಲತ್ತಿತ್ತು, ಮಂದಿ ಅರ್ಧ ನಿದ್ದಿಯಾಗ ಇದ್ರು. ಆದ್ರ ಹೌದ್ರಿ ಮಾತ್ರ ತಪ್ಪಲಿಲ್ಲ.

ಅಷ್ಟರಾಗ ಅಧ್ಯಕ್ಷರು ಅಕ್ಕನ ಕಡಿ ಕೈ ತೋರಿಸಿ ಹೊಗಳಿದ್ರು. ಅಣ್ಣೋರು ಕನ್ನಡಕ್ಕ ತಿರುಗಿಸಿದ್ರು: “ಈ ನಮ್ಮ ಅಕ್ಕ ಪಕ್ಷಕ್ಕಾಗಿ ಜೀವ ತೇದಾಳ, ಹೌದಿಲ್ರಿ?”

“ಹೌದ್ರಿ!” ಈ ಸಲ ಸಭಾ ಗಟ್ಟಿಯಾಗಿ ಅಂತು. ನನಗೂ ಖುಷಿ ಆಯ್ತು. ಬಂತು ನೋಡು ಟಿಕೆಟ್ ಅನ್ಕೊಂಡೆ.

“ಅಕ್ಕ ದೊಡ್ಡ ಮನಸ್ಸಿನಾಕಿ. ತನಗಾಗಿ ಎಂದೂ ಏನೂ ಬೇಡಾಕಿ ಅಲ್ಲ, ಹೌದಿಲ್ರಿ?”

“ಹೌದ್ರಿ.”

“ಪಕ್ಷ ಬೆಳೀಬೇಕಂದ್ರ ತಾಕತ್ ಇದ್ದವರು ಮುಂದ ಬರಬೇಕು, ಹೌದಿಲ್ರಿ?”

“ಹೌದ್ರಿ.”

ನನ್ನ ಬೆನ್ನು ನೆಟ್ಟಗಾಯ್ತು. ಅಕ್ಕ ಚೀಟಿ ನೋಡ್ಲತ್ತಿದ್ಲು. ಇನ್ನ ತನ್ನನ್ನ ಕರೀತಾರ ಅಂತ ಆಕಿ ಜೀವ ಎಲ್ಲಾ ಆ ಚೀಟಿಯಾಗ ಇತ್ತು. ಅಣ್ಣೋರು ವೇದಿಕಿ ಇಳದು ಆಕಿ ಮುಂದ ಬಂದ್ರು.

“ಅದಕ್ಕ ಬೀದರದ ಉಮೇದ್ವಾರಕಿ ಝಂಡಾ ನಮ್ಮ ಅಕ್ಕ ತನ್ನ ಕೈಲೇ ಈ ತಮ್ಮಗ ಕೊಡ್ತಾಳ” ಅಂತ ಸೋಫಾದ ಮ್ಯಾಲಿನ ಪ್ಲಾಟಿನವನ್ನ ತೋರಿಸಿ, ಮೈಕ್ ಆಕಿ ಬಾಯಿಗಿ ಹಿಡದ್ರು. “ಹೌದಿಲ್ರಿ ಅಕ್ಕ?”

ಅಕ್ಕ ತಲಿ ಎತ್ತಿದ್ಲು.

“ಹೌದ್ರಿ” ಅಂದ್ಲು.

ಆಕಿ ದನಿ ಹಾಲಿನ ನಾಕೂ ಮೂಲಿಯ ಸ್ಪೀಕರಿನಾಗ ಬಂತು. ಅಧ್ಯಕ್ಷರು ಎದ್ದು ನಿಂತು ‘ಧ್ವನಿಮತದಿಂದ ಪಾಸ್’ ಅಂತ ಹಿಂದಿಯಾಗ ಹೇಳಿದ್ರು. ಚಪ್ಪಾಳಿ ಬಿದ್ದವು. ಹಿಂದಿನ ಸಾಲಿನವರು ಊಟಕ್ಕ ಕರದ್ರು ಅಂತ ತಿಳದು ಎದ್ದೇ ಬಿಟ್ರು.

ನಾ ಖುರ್ಚಿ ಮ್ಯಾಲ ನಿಂತೆ. ಟೀಚರಕಿ ಮಾಡಿ ಮಾಡಿ ನನ್ನ ಗಂಟಲಂತೂ ಮೈಕ್ ಬೇಡಂಗಿಲ್ಲ. “ಏ! ಏನ್ ನಡಿಸೀರಿ ಇದು? ಕೈ ಎತ್ತಸ್ರಿ! ಕೈ ಎಣಸ್ರಿ! ನಾವು ಪ್ರತಿನಿಧಿ ಬಂದಿದ್ದು ಯಾಕ, ಬಗಾರಾ ತಿನ್ನಾಕೇನು?” ಅಂತ ಒದರಿದೆ. ಉದಗೀರದವರು ತಿರುಗಿ ನೋಡಿದ್ರು. ಕೆಲವರು ನಕ್ಕರು.

ಅಣ್ಣೋರ ಮುಖ ಒಂದು ಚೂರೂ ಬದಲಾಗಲಿಲ್ಲ. “ತಾಯಿ, ಅಕ್ಕನೇ ಒಪ್ಯಾಳ. ಎಲ್ಲರೂ ಒಪ್ಯಾರ. ವಿಡಿಯೋದಾಗ ಬಂದದ.”

“ಅದು ಒಪ್ಪಿಗಿ ಅಲ್ಲ ಅಂತ ನಿಮಗ ಗೊತ್ತಿಲ್ಲೇನು? ನೀವು ಯಾವ ಊರಾಗ ಹುಟ್ಟೀರಿ?”

ನಾ ಅಕ್ಕನ ಭುಜ ಅಲುಗಾಡಿಸಿದೆ. “ಅಕ್ಕ, ಎದ್ದೇಳು. ಬ್ಯಾಡ ಅನ್ನು. ನಾ ಒಪ್ಪಂಗಿಲ್ಲ ಅನ್ನು. ಒಂದು ಮಾತು ಅನ್ನು ಸಾಕು.”

ಆಕಿ ಎದ್ದಳು. ಬಾಯಿನೂ ತೆರದಳು. ಅಷ್ಟರಾಗ ಅಧ್ಯಕ್ಷರು ಕೈ ಮುಗಕೋತ ಕೆಳಗ ಬಂದು ಆಕಿಗಿ ಶಾಲು ಹೊದಿಸಿದ್ರು. ಆ ಪ್ಲಾಟಿನಾಂವ ಬಂದು ಕಾಲಿಗಿ ಬಿದ್ದ. ಅಣ್ಣೋರು ಬಿದರಿ ಹೂದಾನಿಯ ಡಬ್ಬಿ ತಂದು ಆಕಿ ಎರಡೂ ಕೈಯಾಗ ಇಟ್ರು. ಕೈ ಡಬ್ಬಿ ಹಿಡಿದಿದ್ವು, ಮೈ ಮ್ಯಾಲ ಶಾಲು, ಕಾಲ ಹತ್ರ ಒಬ್ಬ ಬಿದ್ದಾನ. ಹಂಗ ನಿಂತ ಹೆಣ್ಣಮಗಳು ಬ್ಯಾಡ ಅಂತ ಹ್ಯಾಂಗ ಅಂತಾಳ್ರಿ? ಶಾಲು ಬಿಸಾಕೋದು ನಮ್ಮ ಜನ್ಮದಾಗ ಯಾರೂ ಕಲಿಸಿಲ್ಲ. ಆಕಿ ಸಣ್ಣಗ “ಶರಣ್ರಿ” ಅಂದು ತಲಿ ಬಾಗಿಸಿದ್ಲು. ಫೋಟೋ ಹೊಡದ್ರು. ಆ ಫೋಟೋದಾಗ ಅಕ್ಕ ನಕ್ಕಂಗೇ ಕಾಣಸ್ತಾಳ.

ಭಾಷಣದ ಚೀಟಿ ಖುರ್ಚಿ ಕೆಳಗ ಬಿದ್ದಿತ್ತು. ನಾ ಎತ್ತಿಕೊಂಡು ಪರ್ಸಿನಾಗ ಇಟ್ಟುಕೊಂಡೆ.

ಊಟಕ್ಕ ನಿಂದ್ರಲಿಲ್ಲ. ಹೊರಗ ಬರ್ತಾ ಬಗದಲ್ ಕಾಕಾ ಅಡ್ಡ ಬಂದ್ರು, ಮುಖ ಸಣ್ಣಗ ಆಗಿತ್ತು. “ಯವ್ವಾ, ಏನಾಯ್ತವ್ವ? ನಾ ಕೇಳ್ಲತ್ತೀನಿ ಅಂತ ಅಂದಿದ್ದು. ನಿನ್ನ ಟಿಕೆಟ್ ಬ್ಯಾಡ ಅಂತ ಅಂದೀನೇನು ನಾ? ಲಿಂಗದಾಣಿ ಅಂದಿಲ್ಲ” ಅಂತ ಅಕ್ಕನ ಮುಂದ ಕೈ ಜೋಡಿಸಿದ್ರು. ಅಕ್ಕ ಅವರ ಕೈ ಕೆಳಗ ಇಳಿಸಿ, “ಬಿಸಲು ಅದ ಕಾಕಾ, ಒಳಗ ಹೋಗ್ರಿ” ಅಂದ್ಲು.

ಬಸ್ ಸ್ಟ್ಯಾಂಡಿನಾಗ ಕಟ್ಟಿ ಮ್ಯಾಲ ಕುಂತ್ವಿ. ಆಕಿ ತೊಡಿ ಮ್ಯಾಲ ಆ ಡಬ್ಬಿ ಇತ್ತು. ನಾ ಬೈಕೋತನೇ ಇದ್ದೆ, ಅಣ್ಣೋರ ಏಳು ತಲಿಮಾರು ಎಬ್ಬಿಸಿದೆ. ಬಗಲಾಗ ಕುಂತ ಹೆಣ್ಣಮಕ್ಕಳು ಎದ್ದು ದೂರ ಹೋದ್ರು. ನನಗ ಕಡೀಕ ಅಳು ಬಂತು, ಸಿಟ್ಟಿನ ಅಳು. ಆಕಿನೇ ನನ್ನ ಕಣ್ಣು ಒರಸಿದ್ಲು. ಔರಾದ ಬಸ್ಸು ಬಂದಾಗ ಎದ್ದು ಹತ್ತಿದ್ಲು. ಯಾವಾಗ್ಲೂ ಕಿಡಕಿಯಿಂದ ಮುಖ ಹಾಕಿ “ಬರ್ತೇನಿ ತಂಗಿ” ಅಂತಿದ್ಲು. ಆವತ್ತು ಆ ಕಡಿ ಮುಖ ಮಾಡಿ ಕುಂತಳು.

ಆಮ್ಯಾಲ ಕೆಲಸ ವಾಪಸ್ ಕೇಳಾಕ ನಾನೇ ಆಕಿನ್ನ ಎಳಕೊಂಡು ಔರಾದದ ಅಂಗನವಾಡಿ ಆಫೀಸಿಗಿ ಹೋದೆ. ಅಲ್ಲಿನ ಮೇಡಂ ಕೆಟ್ಟಾಕಿ ಏನಲ್ಲ. ಚಾ ತರಿಸಿದ್ಲು. “ನನ್ನ ಕೈಯಾಗ ಇದ್ದಿದ್ರ ಮಾಡ್ತಿದ್ದೆ ಅಕ್ಕ. ರಾಜೀನಾಮಿ ಮಂಜೂರ್ ಆಗಿ ಹೋಗೇದ” ಅಂದ್ಲು. ಮತ್ತ ತನ್ನ ಸಮಾಧಾನಕ್ಕೋ ಏನೋ ಕೇಳಿದ್ಲು: “ನೀವು ನಿಮ್ಮ ಮನಸ್ಸಿನಿಂದಾನೇ ಕೊಟ್ಟಿದ್ರಿ, ಹೌದಿಲ್ರಿ?”

ಅಕ್ಕ ಗಬಕ್ಕನ ಸೆರಗು ತಗೊಂಡು ಬಾಯಿ ಮುಚ್ಚಿಕೊಂಡ್ಲು. ಅಳ್ತಾಳ ಅಂತ ತಿಳದು ಆ ಮೇಡಂ ನೀರು ಕೊಡಾಕ ಎದ್ದಳು. ಅಳು ಅಲ್ಲ ಅದು. ಒಳಗಿಂದ ಬರೋ ಮಾತು ತಡಿಲತ್ತಿದ್ಲು. ನಾ ಬಗಲಾಗ ಕುಂತಿದ್ದೆ, ಆಕಿ ಗಂಟಲು ಅಲುಗಾಡೋದು ಕಣ್ಣಾರೆ ನೋಡಿದೆ. ಆವತ್ತಿನಿಂದ ಆಕಿ ಬಾಯಾಗ ಹೌದ್ರಿ ಬಂದ್ ಆಯ್ತು. ಫೋನ್ ಮಾಡಿದ್ರ ನಾ ಹೇಳ್ತಾ ಹೋಗೋದು, ಆ ಕಡಿ ಸಪ್ಪಳಿಲ್ಲ. ಲೈನ್ ಕಟ್ ಆಯ್ತೇನೋ ಅಂತ ನಾ ನಡುವ ನಡುವ “ಅಕ್ಕ, ಇದ್ದೀ?” ಅಂತ ಕೇಳಬೇಕು.

ಪ್ರಚಾರದ ಟೈಮಿನಾಗ ಅಣ್ಣೋರು ಆ ಪ್ಲಾಟಿನವನ್ನ ಕರಕೊಂಡು ಎಕಂಬಾಕ್ಕ ಬಂದ್ರು. ಐತವಾರ ಇತ್ತು, ನಾ ಅಲ್ಲೇ ಇದ್ದೆ. ಅಕ್ಕ ಒಲಿ ಮ್ಯಾಲ ಚಾ ಇಟ್ಟಿದ್ಲು. ಸ್ಪೀಕರ್ ಕಟ್ಟಿದ ಜೀಪು ಸೀದಾ ಆಕಿ ಮನಿ ಮುಂದೇ ನಿಂತಿತು. ಆಕಿ ಇಲ್ಲದ ಆ ಊರಾಗ ಯಾರೂ ಕಿಮ್ಮತ್ ಕೊಡಂಗಿಲ್ಲ ಅಂತ ಅಣ್ಣೋರಿಗಿ ಗೊತ್ತಿತ್ತು. ಓಣಿ ಹೆಣ್ಣಮಕ್ಕಳೆಲ್ಲಾ ಕೂಡಿದ್ರು. ಕಾಲೇಜು ಬಿಟ್ಟ ಹುಡುಗ್ಯಾರೂ ಬಂದು ಬಾಗಿಲದಾಗ ನಿಂತ್ರು.

ನಾ ಬಾಗಿಲಕ್ಕ ಅಡ್ಡ ನಿಂತು, “ನಾಚಿಕಿ ಇಲ್ಲೇನ್ರಿ ಇಲ್ಲಿ ಬರಾಕ?” ಅಂದೆ. ಅಕ್ಕ ನನ್ನ ಸರಿಸಿ ತಾನೇ ಹೊಸ್ತಿಲ ದಾಟಿ ಹೊರಗ ಬಂದಳು. ಈಗ ಹೇಳ್ತಾಳ. ಇಡೀ ಓಣಿ ಮುಂದ ಹೇಳ್ತಾಳ, ನಾ ಒಪ್ಪಿಲ್ಲ ಅಂತ.

ಪ್ಲಾಟಿನಾಂವ ಜೀಪಿನಿಂದ ಇಳದು ಕೈ ಮುಗದ. ಅಣ್ಣೋರು ಮೈಕ್ ತಗೊಂಡ್ರು. “ಈ ಅಕ್ಕನೇ ನಮ್ಮ ಉಮೇದ್ವಾರರನ್ನ ಆರಿಸಿದಾಕಿ. ಅಕ್ಕನ ಆಶೀರ್ವಾದ ನಮ್ಮ ಮ್ಯಾಲ ಅದ, ಹೌದಿಲ್ರಿ ಅಕ್ಕ?” ಅಂತ ಮೈಕ್ ಮುಂದ ಚಾಚಿದ್ರು.

ಅಕ್ಕ ನೋಡಿದ್ಲು. ಮೈಕ್ ನೋಡಿದ್ಲು, ಅಣ್ಣೋರ ಮುಖ ನೋಡಿದ್ಲು. ತುಟಿ ಒಂದಕ್ಕೊಂದು ಒತ್ತಿ ಹಿಡದಿದ್ಲು, ಬೆಳ್ಳಗಾಗಿದ್ವು. ನಾ ಆಕಿ ಮಗ್ಗಲಾಗೇ ನಿಂತಿದ್ದೆ, ಉಸಿರಿನ ಸಪ್ಪಳ ಸೈತ ಬಿಡಲಿಲ್ಲ ಆಕಿ. ಹಿರ್‍ಯಾರ ಮಾತಿಗಿ ಹುಟ್ಟಿದಾಗಿನಿಂದ ಮೊದಲನೇ ಸಲ ಸುಮ್ಮ ನಿಂತಿದ್ಲು. ಓಣಿ ಹೆಣ್ಣಮಕ್ಕಳಿಗಿ ಅದು ತಿಳೀತು. ಒಬ್ಬಾಕಿ ಇನ್ನೊಬ್ಬಾಕಿ ಮುಖ ನೋಡಿದ್ಲು.

ಅಣ್ಣೋರು ಸ್ವಲ್ಪ ಹೊತ್ತು ಕಾದ್ರು. ಆಮ್ಯಾಲ ಮೈಕ್ ತಮ್ಮ ಬಾಯಿಗಿ ತಂದುಕೊಂಡು, “ಅಕ್ಕ ಹೌದ್ರಿ ಅಂದ್ಲು! ಚಪ್ಪಾಳಿ!” ಅಂದ್ರು.

ಜೀಪಿನ ಹಿಂದ ನಿಂತವರಿಗಿ ಏನು ಕಾಣಸ್ತದ? ಚಪ್ಪಾಳಿ ಹೊಡದ್ರು. ಹಾಡು ಹಚ್ಚಿದ್ರು. “ಸುಳ್ಳು! ಆಕಿ ಅಂದಿಲ್ಲ! ಏನೂ ಅಂದಿಲ್ಲ!” ಅಂತ ನಾ ಒದರಿದ್ದು ಆ ಸ್ಪೀಕರಿನಾಗ ಯಾರಿಗೂ ಕೇಳಲಿಲ್ಲ. ಜೀಪು ಮುಂದಿನ ಓಣಿಗಿ ಹೋಯ್ತು. ಆ ಚುನಾವಣ್ಯಾಗ ಅಂವ ಮುಖಾ ಮುಚ್ಚಿಕೊಂಡು ಓಡೋ ಹಂಗ ಸೋತ. ಸೋತ್ರ ನಮಗೇನು ಬಂತು, ಬಸ್ಸಂತೂ ಇನ್ನೂ ಬಂದಿಲ್ಲ.

ಮಂದಿ ಚದರಿದ ಮ್ಯಾಲ ಅಕ್ಕ ಒಳಗ ಬಂದು ಬಾಗಿಲ ಹಾಕಿ ಕುಂತಳು. ಒಲಿ ಮ್ಯಾಲಿನ ಚಾ ಉಕ್ಕಿ ಬತ್ತಿ ಹೋಗಿತ್ತು. ನಾ ಒಲಿ ಆರಿಸಿದೆ.

“ತಂಗಿ” ಅಂದ್ಲು.

“ಏನಕ್ಕ?”

“ಖರೇ ಹೇಳು. ನಾ ಅಂದೆನೇನು?”

“ಇಲ್ಲಕ್ಕ. ನಾ ನಿನ್ನ ಮಗ್ಗಲಾಗೇ ಇದ್ದೆ. ನೀ ಬಾಯಿ ಸುದ್ದಾ ತೆರೀಲಿಲ್ಲ.”

ಆಕಿ ಭಾಳ ಹೊತ್ತು ನನ್ನ ಮುಖಾನೇ ನೋಡಿದ್ಲು. ನಾ ಸುಳ್ಳು ಹೇಳ್ಲತ್ತೀನೇನೋ, ಆಕಿ ಸಮಾಧಾನಕ್ಕ ಹೇಳ್ಲತ್ತೀನೇನೋ ಅಂತ ಹುಡುಕಿದಂಗ ನೋಡಿದ್ಲು.

“ಸ್ಪೀಕರಿನಾಗ ಬಂತಲ್ಲ ತಂಗಿ” ಅಂದ್ಲು. “ನಾನೇ ಅಂದಿರಬೇಕು.”